ಸಂಸಾರದ ಗುಟ್ಟೇ ವ್ಯಾಧಿಯಾದಾಗ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಪ್ರಕಟವಾಗಿತ್ತು. ಈಗಿನವರು ದುಡ್ಡು ಕೊಟ್ಟು ಅಪರಿಚಿತರ ಮುಂದೆ ಕುಳಿತು ಹೆತ್ತವರನ್ನು ದೂರುವ ಚಟಕ್ಕೆ ಬಿದ್ದಿದ್ದಾರೆಂದೂ, ಹಿಂದಿನವರು ಬೆತ್ತದ ರುಚಿ ನೋಡಿಯೇ ಗಟ್ಟಿಯಾಗಿ ಬಾಳಿದರೆಂದೂ, ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯನ್ನು ಮರೆತದ್ದೇ ಇದಕ್ಕೆಲ್ಲ ಕಾರಣವೆಂದೂ ಅವರು ಬರೆದಿದ್ದರು. ಅವರ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಮೂರು ವರ್ಷಗಳ ಹಿಂದೆ ಕೇಳಿದ್ದರೆ ನಾನೂ ಅದನ್ನೇ, ಬಹುಶಃ ಇನ್ನೂ ಸ್ವಲ್ಪ ಖಾರವಾಗಿ ಬರೆಯುತ್ತಿದ್ದೆ. ಆದರೆ ಆ ಗಾದೆಯ ಎರಡು ತುಂಡುಗಳನ್ನು ಅವರು ಕೂಡಿಸಿ ಓದಲಿಲ್ಲ ಎಂಬುದು ನನ್ನ ತಕರಾರು. ಮನೆಯೊಳಗಿನ ಮಾತನ್ನು ಮುಚ್ಚಿಡು, ಕಾಯಿಲೆಯನ್ನು ಮಾತ್ರ ನಾಲ್ಕು ಜನರಿಗೆ ಹೇಳು, ಯಾರಾದರೂ ಮದ್ದು ತೋರಿಸಿಯಾರು ಎಂಬುದು ಅದರ ಇಂಗಿತ. ಮನೆಯೊಳಗಿನ ಗುಟ್ಟೇ ಕಾಯಿಲೆಯಾಗಿ ಕುಳಿತಾಗ ಯಾವ ತುಂಡನ್ನು ಪಾಲಿಸಬೇಕೆಂದು ಗಾದೆ ಹೇಳುವುದಿಲ್ಲ. ನಾನು ಐವತ್ತು ವರ್ಷ ಮೊದಲನೆಯ ತುಂಡನ್ನು ಪಾಲಿಸಿದವನು. ಒಂದೂವರೆ ವರ್ಷದಿಂದ ಎರಡನೆಯದನ್ನು ಪಾಲಿಸುತ್ತಿದ್ದೇನೆ. ಎರಡನ್ನೂ ಮಾಡಿ ನೋಡಿದವನೆಂಬ ಅಧಿಕಾರದಿಂದ ಈ ಪತ್ರ.

ನಾನು ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಊರಿನವನು. 36 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ, ಮುಖ್ಯ ಶಿಕ್ಷಕನಾಗಿ ನಿವೃತ್ತನಾಗಿ, ಈಗ ಮೈಸೂರಿನಲ್ಲಿ ನೆಲೆಸಿದ್ದೇನೆ. ಕೆಲಸದಲ್ಲಿದ್ದಷ್ಟು ದಿನ ನನಗೆ ಏನೂ ಆಗಿರಲಿಲ್ಲ, ಅಥವಾ ಆಗುತ್ತಿದ್ದುದನ್ನು ಗಮನಿಸಲು ಪುರುಸೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ ಮಹಡಿಯ ಮನೆಯ ಹುಡುಗ ತನ್ನ ಬೈಕಿಗೆ ಸ್ಟ್ಯಾಂಡು ಹಾಕಿದ ಸದ್ದು ಕೇಳಿದ ಕೂಡಲೇ ನಾನು ಹಾಸಿಗೆ ಬಿಟ್ಟು ಅಡುಗೆಮನೆಯ ಮೂಲೆಯಲ್ಲಿ ನಿಂತಿರುತ್ತಿದ್ದೆ. ಎದ್ದದ್ದು ನೆನಪಿರುತ್ತಿರಲಿಲ್ಲ, ನಿಂತಿರುವುದು ಮಾತ್ರ ಗೊತ್ತಾಗುತ್ತಿತ್ತು, ಎದೆ ಡವಗುಟ್ಟುತ್ತಿರುತ್ತಿತ್ತು. ಇಸಿಜಿ ಮಾಡಿಸಿದೆವು, ಸಕ್ಕರೆ ನೋಡಿಸಿದೆವು, ಥೈರಾಯ್ಡ್ ಕೂಡ. ಎಲ್ಲ ಸರಿಯಾಗಿದೆ ಎಂದ ವೈದ್ಯರು ಕೊನೆಗೆ ಮನೋವೈದ್ಯರ ಹೆಸರೆತ್ತಿದರು. ನನ್ನ ಹೆಂಡತಿ ಆ ಚೀಟಿಯನ್ನು ಎರಡು ತಿಂಗಳು ಪಂಚಾಂಗದ ಒಳಗೆ ಬಚ್ಚಿಟ್ಟಿದ್ದಳು. ನಮ್ಮ ಕಡೆ ಯಾರನ್ನಾದರೂ ‘ನಿಮ್ಹಾನ್ಸ್ ಕೇಸು’ ಎಂದು ಕರೆದರೆ ಅದರ ಅರ್ಥ ಏನೆಂದು ಓದುಗರಿಗೆ ನಾನು ವಿವರಿಸಬೇಕಿಲ್ಲ.

ಅಂತೂ ಮೊದಲು ಹೋದದ್ದು ಒಂದು ಸರ್ಕಾರಿ ಆಸ್ಪತ್ರೆಗೆ. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಅಂಥ ಕೋಣೆ ಎಲ್ಲಿ ಬೇಕಾದರೂ ಇದ್ದೀತು. ಬಾಗಿಲು ತೆರೆದೇ ಇತ್ತು. ನನ್ನ ನಂತರದ ಇಬ್ಬರು ಚೀಟಿ ಹಿಡಿದು ಬಾಗಿಲಿಗೆ ಒರಗಿಕೊಂಡಿದ್ದರು, ಹೊರಗಿನ ಬೆಂಚಿನಲ್ಲಿ ಇನ್ನೂ ಮೂವತ್ತು ನಲವತ್ತು ಜನ. ವೈದ್ಯರು ಒಳ್ಳೆಯವರೇ. ಜೊತೆಗೆ ಯಾರು ಬಂದಿದ್ದಾರೆಂದು ಕೇಳಿ ಹೆಂಡತಿಯನ್ನು ಒಳಗೆ ಕರೆಸಿ, ನಿದ್ದೆ, ಹಸಿವು, ಕುಡಿತ ಎಲ್ಲ ವಿಚಾರಿಸಿ, ಕಡೆಗೆ ‘ಚಿಕ್ಕಂದಿನಲ್ಲಿ ಮನೆಯಲ್ಲಿ ಏನಾದರೂ ತೊಂದರೆ ಇತ್ತೇ?’ ಎಂದರು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ನಾನು ಬಾಗಿಲ ಕಡೆ ನೋಡಿದೆ, ಹೆಂಡತಿಯ ಕಡೆ ನೋಡಿದೆ, ‘ಏನೂ ಇಲ್ಲ ಸಾರ್, ಎಲ್ಲ ಚೆನ್ನಾಗಿತ್ತು’ ಎಂದೆ. ಅವರು ಬರೆದುಕೊಟ್ಟ ಮಾತ್ರೆಯಿಂದ ನಿದ್ದೆ ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಮಾತ್ರೆಯ ವಿರುದ್ಧ ನನಗೆ ಯಾವ ದೂರೂ ಇಲ್ಲ. ಆದರೆ ಆಸ್ಪತ್ರೆಯ ದಾಖಲೆಯಲ್ಲಿ ನನ್ನ ಬಾಲ್ಯ ಚೆನ್ನಾಗಿತ್ತು ಎಂದು ಇವತ್ತಿಗೂ ಇರಬೇಕು.

ಆಮೇಲೆ ಮಗಳ ಒತ್ತಾಯಕ್ಕೆ ಒಂದು ಖಾಸಗಿ ಕೇಂದ್ರಕ್ಕೆ ಹೋದೆ. ಅಲ್ಲಿ ಬಾಗಿಲು ಮುಚ್ಚಿತ್ತು, ಗಡಿಯಾರ ಗೋಡೆಯ ಮೇಲಿತ್ತು, ಒಂದು ಭೇಟಿಗೆ ಐವತ್ತು ನಿಮಿಷ ಎಂದು ಮೊದಲೇ ಹೇಳಿದ್ದರು. ಆಪ್ತಸಮಾಲೋಚಕಿ ತುಂಬ ಸೌಜನ್ಯದ ಹುಡುಗಿ. ಆದರೆ ಆಕೆಗೆ ಕನ್ನಡ ಅಷ್ಟಕ್ಕಷ್ಟೆ. ನನಗೆ ಇಂಗ್ಲಿಷ್ ಅರ್ಜಿ ತುಂಬುವಷ್ಟು, ಸುತ್ತೋಲೆ ಓದುವಷ್ಟು ಬರುತ್ತದೆ. ಅದರಲ್ಲೇ ‘ಮೈ ಫಾದರ್ ವಾಸ್ ಅಬ್ಯೂಸಿವ್’ ಎಂದೆ. ಐವತ್ತು ವರ್ಷ ಯಾರಿಗೂ ಹೇಳದ ಮಾತನ್ನು ಹೇಳಿದ್ದೆ, ಆದರೆ ನನ್ನ ಮೈಯಲ್ಲಿ ಒಂದು ಕೂದಲೂ ನಿಮಿರಲಿಲ್ಲ. ಬೇರೆ ಯಾರದೋ ಅರ್ಜಿಯನ್ನು ನಾನು ತುಂಬಿಕೊಟ್ಟಂತಿತ್ತು. ಆ ಪದಕ್ಕೆ ಕನ್ನಡದಲ್ಲಿ ‘ದೌರ್ಜನ್ಯ’ ಎನ್ನುತ್ತಾರೆ. ಅದನ್ನು ನಾನು ಕಲಿತದ್ದು ಪತ್ರಿಕೆಗಳಿಂದ. ನಮ್ಮ ಮನೆಯಲ್ಲಿ ದೌರ್ಜನ್ಯ ಎಂಬುದು ಇರಲಿಲ್ಲ. ‘ಅಪ್ಪ ಬತ್ತಾವ್ನೆ’ ಎಂಬ ಪಿಸುಮಾತಿತ್ತು, ಸೈಕಲ್ ಸ್ಟ್ಯಾಂಡಿನ ಸದ್ದಿತ್ತು, ಒಲೆಯ ಪಕ್ಕದ ಸೌದೆಯಿತ್ತು. ಭಯ ಯಾವ ನುಡಿಯಲ್ಲಿ ಒಳಗೆ ಬಂದಿತ್ತೋ ಅದೇ ನುಡಿಯಲ್ಲೇ ಹೊರಗೆ ಬರಬೇಕೆಂದು ಆ ಹೊತ್ತಿಗೆ ನನಗೆ ಗೊತ್ತಿರಲಿಲ್ಲ. ಎರಡು ಸಲ ಹೋಗಿ, ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸಿದೆ, ಇದರಿಂದ ಏನೂ ಆಗುವುದಿಲ್ಲ ಎಂದು ನಿಲ್ಲಿಸಿಬಿಟ್ಟೆ.

ಮೂರನೆಯವರು ನಮ್ಮ ಸೀಮೆಯವರೇ ಆದ ಚಿಕಿತ್ಸಕ ಮನಶ್ಶಾಸ್ತ್ರಜ್ಞೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ತಮ್ಮ ನೋಂದಣಿ ಇರುವುದನ್ನು ನಾನು ಕೇಳುವ ಮೊದಲೇ ತೋರಿಸಿದರು. (ನಮ್ಮ ಬಡಾವಣೆಯಲ್ಲಿ ಜ್ಯೋತಿಷ್ಯದ ಫಲಕದ ಪಕ್ಕದಲ್ಲೇ ‘ಕೌನ್ಸೆಲಿಂಗ್’ ಫಲಕಗಳು ಎದ್ದಿರುವ ಈ ಕಾಲದಲ್ಲಿ ಇದನ್ನು ಕೇಳಲು ಯಾರೂ ಸಂಕೋಚಪಡಬಾರದು.) ನಾನು ಅವರನ್ನು ಮೇಡಂ ಎನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ಬಾಲ್ಯದ ವಿಷಯವನ್ನು ಕೆದಕುತ್ತಾರೆಂದು ಮೈ ಬಿಗಿಹಿಡಿದು ಕುಳಿತರೆ, ಮೊದಲ ಮೂರು ಭೇಟಿಗಳಲ್ಲಿ ಅವರು ಅದರ ತಂಟೆಗೇ ಬರಲಿಲ್ಲ. ಯಾವ ಮಾತು ಈ ಕೋಣೆಯ ಹೊರಗೆ ಹೋಗುವುದಿಲ್ಲ, ಯಾವುದು ಹೋಗಬೇಕಾಗಬಹುದು ಎಂಬುದನ್ನು ಮೊದಲ ದಿನವೇ ಬಿಡಿಸಿ ಹೇಳಿದರು. ನನ್ನ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವೆನಿಸಿದರೆ ತಾವು ಸುಮ್ಮನಿರುವಂತಿಲ್ಲ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಉಳಿದದ್ದೆಲ್ಲ ನಮ್ಮಿಬ್ಬರ ನಡುವೆ. ನನ್ನ ಹೆಂಡತಿ ಫೋನು ಮಾಡಿ ಕೇಳಿದರೂ ಹೇಳುವುದಿಲ್ಲ ಎಂದರು. ಅವಳು ಒಮ್ಮೆ ಕೇಳಿಯೂ ಕೇಳಿದಳು, ಅವರು ಹೇಳಲಿಲ್ಲ.

ಆ ಮೂರು ಭೇಟಿಗಳಲ್ಲಿ ಅವರು ಕಲಿಸಿದ್ದು ತೀರ ಸಣ್ಣ ಸಂಗತಿಗಳನ್ನು. ರಾತ್ರಿ ಎದ್ದು ನಿಂತಿರುವುದು ಅರಿವಿಗೆ ಬಂದಾಗ ಬರಿಗಾಲನ್ನು ನೆಲಕ್ಕೆ ಒತ್ತಿ ತಣ್ಣಗೆ ತಗಲುವುದನ್ನು ಗಮನಿಸುವುದು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳುವುದು, ಉಸಿರನ್ನು ನಿಧಾನವಾಗಿ ಬಿಡುವುದು, ಇವತ್ತಿನ ತಾರೀಖನ್ನು ಹೇಳಿಕೊಳ್ಳುವುದು. ಒಂದನೇ ತರಗತಿಯ ಪಾಠದಂತಿದ್ದ ಇದನ್ನು ಕಂಡು ಒಳಗೊಳಗೇ ನಕ್ಕಿದ್ದೆ. ಹಳೆಯ ನೆನಪು ನುಗ್ಗಿದಾಗ ಮೈಗೆ ಅದು ನೆನಪೆಂದು ತಿಳಿಯುವುದಿಲ್ಲ, ಈಗಲೇ ನಡೆಯುತ್ತಿದೆ ಎಂದೇ ಅದು ನಡೆದುಕೊಳ್ಳುತ್ತದೆ, ಆದ್ದರಿಂದ ವಾಪಸು ಬರುವ ದಾರಿ ಗೊತ್ತಿಲ್ಲದವರನ್ನು ಆ ಕಡೆ ಕಳಿಸುವುದು ಸರಿಯಲ್ಲ ಎಂದು ಅವರು ವಿವರಿಸಿದ ಮೇಲೆ ನಗು ನಿಂತಿತು. ಈಜು ಬಾರದವನನ್ನು ನಾಲೆಗೆ ತಳ್ಳಿ ಕಲಿಸುವ ಪದ್ಧತಿ ನಮ್ಮ ಊರಿನಲ್ಲಿತ್ತು. ಎಲ್ಲರೂ ಕಲಿತರು ಎಂದು ಈಗಲೂ ಹೇಳುತ್ತಾರೆ, ಕಲಿಯದವರು ಹೇಳಲು ಉಳಿದಿಲ್ಲ.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ನನ್ನ ಬಾಲ್ಯದ ಬಗ್ಗೆ ನಾನು ಯಾವತ್ತೂ ಬಾಯಿಬಿಟ್ಟಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಸಹೋದ್ಯೋಗಿಗಳ ನಡುವೆ, ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗ, ಅಪ್ಪನ ಹುಣಸೆ ಬರಲಿನ ಕಥೆಗಳನ್ನು ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಕುಡಿದು ಬಂದ ಅಪ್ಪ ಎತ್ತಿಗೆ ಬುದ್ಧಿ ಹೇಳಿದ್ದು, ನಾನು ಹುಲ್ಲಿನ ಮೆದೆಯಲ್ಲಿ ಅಡಗಿದ್ದಾಗ ಸೀನು ಬಂದದ್ದು, ಇವೆಲ್ಲ ನನ್ನ ಬತ್ತಳಿಕೆಯ ಹಾಸ್ಯ ಪ್ರಸಂಗಗಳು. ಕಷ್ಟದ ಮನೆಯಲ್ಲಿ ಬೆಳೆದವರಲ್ಲಿ ಬಹಳ ಮಂದಿಯ ಬಳಿ ಹೀಗೆ ನೇಯ್ದು ಇಟ್ಟುಕೊಂಡ ಕಥೆಯೊಂದು ಇರುತ್ತದೆ. ಅದು ಸುಳ್ಳಲ್ಲ, ಆದರೆ ಅದರ ಕೆಲಸ ಬಾಗಿಲು ಕಾಯುವುದು. ಚಿಕಿತ್ಸೆಯ ನಾಲ್ಕು ಐದನೆಯ ಭೇಟಿಗಳಲ್ಲಿ ನಾನು ಹೇಳಿದ್ದು ಇದನ್ನೇ. ಮೇಡಂ ನಗಲಿಲ್ಲ. ನಗುವ ಜಾಗದಲ್ಲಿ ನಗದ ಕೇಳುಗರೊಬ್ಬರು ಮೊದಲ ಬಾರಿಗೆ ಸಿಕ್ಕಿದ್ದರಿಂದ, ಕಥೆ ನನ್ನ ಕೈಯಲ್ಲಿ ಅರ್ಧಕ್ಕೇ ನಿಂತುಹೋಗುತ್ತಿತ್ತು.

ಏಳನೆಯ ಭೇಟಿಯಲ್ಲಿ ಹೇಳಿದ್ದು ಬೇರೆ. ನಮ್ಮಪ್ಪ ಆಲೆಮನೆಯಲ್ಲಿ ಕೂಲಿಗೆ ಹೋಗುತ್ತಿದ್ದವನು; ಕಬ್ಬು ಕಡಿಯುವ ಕಾಲದಲ್ಲಿ ಕೈಯಲ್ಲಿ ಕಾಸಿರುತ್ತಿತ್ತು, ಸಾರಾಯಿ ಅಂಗಡಿ ದಾರಿಯಲ್ಲೇ ಇತ್ತು. ಅಣ್ಣ ಮನೆಯ ಸಹವಾಸವೇ ಬೇಡವೆಂದು ಆಲೆಮನೆಯಲ್ಲೇ ಮಲಗುತ್ತಿದ್ದ. ಒಂದು ರಾತ್ರಿ ಅಪ್ಪ ಅವ್ವನನ್ನು ಹೊಡೆದು ಹೊರಗೆ ತಳ್ಳಿ, ಅಗುಳಿ ಹಾಕೆಂದು ನನಗೆ ಹೇಳಿ, ಬಾಗಿಲ ಹತ್ತಿರವೇ ಬಿದ್ದುಕೊಂಡ. ನಾನು ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಬೀದಿಯವರಿಗೆ ಕೇಳಿಸದಂತೆ ಬಾಗಿಲ ಸಂದಿಗೆ ಬಾಯಿಟ್ಟು ‘ಬಾಗ್ಲು ತೆಗಿ ಮಗ’ ಎಂದಳು. ಎಷ್ಟು ಸಲ ಅಂದಳೋ ಲೆಕ್ಕವಿಲ್ಲ. ಅಗುಳಿ ಸದ್ದಾದರೆ ಅಪ್ಪ ಏಳುತ್ತಾನೆಂದು ನಾನು ತೆಗೆಯಲಿಲ್ಲ. ಬೆಳಗಿನ ಜಾವದವರೆಗೆ ಅವಳು ಕೊಟ್ಟಿಗೆಯಲ್ಲಿದ್ದಳು; ಬೆಳಿಗ್ಗೆ ಒಳಗೆ ಬಂದು ಏನೂ ಆಗದವಳಂತೆ ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ ಕೊಟ್ಟಳು. ಆ ರಾತ್ರಿಯ ಮಾತನ್ನು ಅವಳು ಸಾಯುವವರೆಗೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಏಟುಗಳೆಲ್ಲ ನನ್ನ ನಗೆಕಥೆಗಳೊಳಗೆ ಸೇರಿಹೋಗಿದ್ದವು, ಇದೊಂದು ಸೇರಿರಲಿಲ್ಲ.

ಹೇಳಿ ಮುಗಿಸಿದ ಮೇಲೆ ಅವರು ಸಮಾಧಾನ ಹೇಳಲಿಲ್ಲ, ‘ನಿಮ್ಮ ತಪ್ಪಲ್ಲ’ ಎಂಬ ಮಾತನ್ನೂ ಆಡಲಿಲ್ಲ. ಆಗ ನಿಮಗೆ ವಯಸ್ಸೆಷ್ಟು ಮೇಷ್ಟ್ರೇ ಎಂದು ಕೇಳಿದರು. ಒಂಬತ್ತು ಎಂದೆ. ಎಷ್ಟನೇ ಕ್ಲಾಸು ಎಂದರು. ನಾಲ್ಕು ಎಂದೆ. ‘ನಾಲ್ಕನೇ ಕ್ಲಾಸಿಗೆ ನೀವು ಎಷ್ಟೋ ವರ್ಷ ಪಾಠ ಹೇಳಿದ್ದೀರಲ್ಲ, ಆ ಮಕ್ಕಳು ಎಷ್ಟೆತ್ತರ ಇರುತ್ತಾರೆ?’ ಎಂದರು. ನಾನು ತೋರಿಸಲು ಕೈ ಚಾಚಿದೆ. ಕೈ ನನ್ನ ಹೊಟ್ಟೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗಾಳಿಯಲ್ಲಿ ನಿಂತಿತು, ಬಹಳ ಹೊತ್ತು ಅಲ್ಲೇ ಇತ್ತು. ಐವತ್ತು ವರ್ಷ ನಾನು ಆ ಬಾಗಿಲ ಬಳಿ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದುದು ಇಷ್ಟು ದೊಡ್ಡ ಗಂಡಸನ್ನು. ಅಲ್ಲಿ ನಿಂತಿದ್ದದ್ದು ಕಾಪಿಪುಸ್ತಕದಲ್ಲಿ ಒತ್ತಕ್ಷರ ತಪ್ಪುವ ವಯಸ್ಸಿನ ಒಂದು ಮಗು.

ಹೇಳಿಕೊಂಡ ಕೂಡಲೇ ಎದೆ ಹಗುರವಾಗುತ್ತದೆ ಎನ್ನುವವರ ಮಾತನ್ನು ನಂಬಬೇಡಿ. ನನಗೆ ಮೂರು ದಿನ ನಿದ್ದೆಯಿಲ್ಲ, ಊಟ ಸೇರಲಿಲ್ಲ, ತೀರಿಹೋದ ಅವ್ವನ ಮೇಲೆ ವಿನಾಕಾರಣ ಸಿಟ್ಟು ಬಂತು. ಹೀಗಾಗಬಹುದೆಂದು ಮೇಡಂ ಮೊದಲೇ ಹೇಳಿದ್ದರಿಂದ ಹೆದರಿ ಓಡಿಹೋಗಲಿಲ್ಲ. ಪ್ರತಿ ಭೇಟಿಯ ಕೊನೆಯ ಹತ್ತು ನಿಮಿಷ ಅವರು ಮಳೆಯ ಬಗ್ಗೆ, ಮೊಮ್ಮಗನ ಬಗ್ಗೆ ಮಾತಾಡಿಸಿ, ನಾನು ಸಿಟಿ ಬಸ್ಸಿನಲ್ಲಿ ಒಬ್ಬನೇ ಮನೆ ತಲುಪುವ ಸ್ಥಿತಿಯಲ್ಲಿದ್ದೇನೆಂದು ನೋಡಿಯೇ ಕಳಿಸುತ್ತಿದ್ದರು. ಒಂದೇ ಕೂರಿಕೆಯಲ್ಲಿ ಎಲ್ಲವನ್ನೂ ಕಕ್ಕಿಸಿಬಿಡುತ್ತೇವೆ ಎನ್ನುವವರಿಂದ ದೂರವಿರಬೇಕು. ಮರೆತುಹೋದ ನೆನಪನ್ನು ಎಳೆದು ತೆಗೆಯುತ್ತೇವೆ ಎನ್ನುವವರಿಂದ ಇನ್ನೂ ದೂರ. ನಡೆಯದೇ ಇದ್ದದ್ದನ್ನು ಪದೇ ಪದೇ ಸೂಚಿಸಿ ನಡೆದಂತೆ ನೆನಪಿಸಿಬಿಡಬಹುದೆಂದು ಅಮೆರಿಕದ ಎಲಿಜಬೆತ್ ಲಾಫ್ಟಸ್ ಎಂಬ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನನ್ನ ಮೇಡಂ ನಾನು ಹೇಳದ ಒಂದು ವಿವರವನ್ನೂ ತಾವಾಗಿ ಸೇರಿಸಲಿಲ್ಲ. ಅಂದು ಮಳೆಯಿತ್ತೇ ಎಂಬುದು ನನಗೆ ನೆನಪಿಲ್ಲ ಎಂದಾಗ, ನೆನಪಿಲ್ಲದಿದ್ದರೆ ಬಿಡಿ ಎಂದರು.

ಈಗ ಪತ್ರ ಬರೆದ ಹಿರಿಯರ ಮಾತಿಗೆ ಬರುತ್ತೇನೆ. ಹೆತ್ತವರನ್ನು ದೂರುವುದೇ ಚಿಕಿತ್ಸೆ ಎಂಬುದು ಅವರ ತಿಳಿವಳಿಕೆ. ಈ ಒಂದೂವರೆ ವರ್ಷದಲ್ಲಿ ಅಪ್ಪನನ್ನು ಕೆಟ್ಟವನೆನ್ನು ಎಂದಾಗಲೀ ಕ್ಷಮಿಸಿಬಿಡು ಎಂದಾಗಲೀ ಯಾರೂ ನನಗೆ ಹೇಳಿಲ್ಲ. ಅಪ್ಪ ಬೆಲ್ಲದ ಕೊಪ್ಪರಿಗೆಯ ಮುಂದೆ ಹಗಲಿಡೀ ಬೆಂದು ಬರುತ್ತಿದ್ದವನು, ಅವನಿಗೂ ಒಬ್ಬ ಅಪ್ಪನಿದ್ದ, ಆ ಅಪ್ಪನ ಕೈಯಲ್ಲೂ ಬರಲಿತ್ತು. ಇದು ನನಗೆ ಮೊದಲೂ ಗೊತ್ತಿತ್ತು. ಆದರೆ ಮೊದಲು ಅದು ನನ್ನ ಬಾಯಿ ಮುಚ್ಚಿಸುವ ಸಮಜಾಯಿಷಿಯಾಗಿತ್ತು. ಈಗ ಅಪ್ಪನ ಬಗ್ಗೆ ಮರುಗುವಾಗಲೂ ಆ ರಾತ್ರಿ ನಡೆದದ್ದು ನಡೆದಿತ್ತು ಎಂದು ಹೇಳಬಲ್ಲೆ. ಹೆತ್ತವರ ಋಣ ತೀರಿಸಲಾಗದು ನಿಜ. ಹಾಗೆಂದು ಏಟಿನ ಲೆಕ್ಕವನ್ನು ಋಣದ ಖಾತೆಗೆ ಬರೆಯಲಾಗದು.

ಬೆತ್ತದಿಂದ ಗಟ್ಟಿಯಾದರು ಎಂಬ ಎರಡನೆಯ ಮಾತಿನ ಬಗ್ಗೆ ನನ್ನ ಮನೆಯಲ್ಲೇ ಸಾಕ್ಷಿ ಇದೆ. ನನ್ನ ಅಣ್ಣನೂ ಅದೇ ಬರಲಿನ ರುಚಿ ನೋಡಿದವನು. ಸಾರಾಯಿ ಕುಡಿದು ಕುಡಿದು ನಲವತ್ತೊಂದನೆಯ ವಯಸ್ಸಿಗೆ ಹೋದ. ಗಟ್ಟಿಯಾದವನೆಂದು ಜನ ನನ್ನನ್ನು ತೋರಿಸುತ್ತಾರೆ, ಅವನನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಅವನಂಥವರನ್ನು ಎಣಿಕೆಗೆ ತೆಗೆದುಕೊಂಡ ಅಧ್ಯಯನವೊಂದು ಇದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬೊಜ್ಜು ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು, ಚೆನ್ನಾಗಿ ತೂಕ ಇಳಿಸುತ್ತಿದ್ದವರೇ ನಡುವೆ ಬಿಟ್ಟುಹೋಗುವುದೇಕೆಂದು ವಿಚಾರಿಸಹೋಗಿ, ಅವರಲ್ಲಿ ಬಹಳ ಮಂದಿ ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರೆಂದು ಕಂಡುಕೊಂಡರು. ಆಮೇಲೆ ಅವರೂ ರಾಬರ್ಟ್ ಆಂಡಾ ಎಂಬ ತಜ್ಞರೂ ಸೇರಿ ಸಾವಿರಾರು ಜನರನ್ನು ಅವರ ಬಾಲ್ಯದ ಬಗ್ಗೆ ಕೇಳಿ 1998ರಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿ 9,508 ಜನರ ಉತ್ತರಗಳಿದ್ದವು. ಮನೆಯಲ್ಲಿ ಹೊಡೆತ, ತಾಯಿಗೆ ಬೀಳುವ ಏಟನ್ನು ನೋಡುವುದು, ಕುಡುಕರಿರುವ ಮನೆ ಮುಂತಾದವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಿಗೆ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನದಂಥ ಅಪಾಯಗಳು ಯಾವ ಕಷ್ಟವೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಿದ್ದವು. ಇದು ಗುಂಪಿನ ಲೆಕ್ಕ. ಕಂಡ ಕಷ್ಟಗಳನ್ನು ಎಣಿಸಿ ಒಬ್ಬೊಬ್ಬರ ಹಣೆಬರಹ ಓದಲು ಇದನ್ನು ಬಳಸಬಾರದೆಂದು ಆಂಡಾ ಅವರೇ ನಂತರ ಎಚ್ಚರಿಸಿದ್ದಾರೆ. ನಮ್ಮ ದೇಶದ ಮಾತಾದರೆ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದರು. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರು ಎಲ್ಲಿ ಹೋಗಿ ಹೇಳಿಕೊಳ್ಳಬೇಕು ಎಂಬುದೇ ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ಮೈಸೂರಿನಲ್ಲಿ ಕುಳಿತು ಕೇಳಬೇಕಾಗಿ ಬಂದಿರುವುದಕ್ಕೆ ಬೇಸರವಾಗುತ್ತದೆ. ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಆರಂಭಿಸಿ ಅದನ್ನು ‘ಆಕಾಶವಾಣಿ’ ಎಂದು ಕರೆದರು. ಮನಸ್ಸಿನ ಶಾಸ್ತ್ರ ಓದಿದವರು ಮಾತನ್ನು ಮನೆಮನೆಗೆ ತಲುಪಿಸಲು ಹೊರಟ ಊರು ಇದು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ಕಾಯಿಲೆಗಳ ಬಗ್ಗೆ ದಶಕಗಳ ಕಾಲ ತಿಳಿಗನ್ನಡದಲ್ಲಿ ಬರೆದಿದ್ದಾರೆ. ಹೀಗಿದ್ದೂ ಮುಚ್ಚಿದ ಬಾಗಿಲ ಹಿಂದೆ, ಕೈಗೆಟಕುವ ಖರ್ಚಿನಲ್ಲಿ, ನಮ್ಮ ಸೀಮೆಯ ಕನ್ನಡ ಅರ್ಥವಾಗುವವರ ಮುಂದೆ ಐವತ್ತು ನಿಮಿಷ ಕುಳಿತುಕೊಳ್ಳಲು ನಾನು ಮೂರು ಕಡೆ ಅಲೆಯಬೇಕಾಯಿತು. ನಾನು ಕೊಡುವುದು ಭೇಟಿಗೆ 1,000 ರೂಪಾಯಿ. ಪಿಂಚಣಿ ಬರುತ್ತದೆ, ಕೊಡುತ್ತೇನೆ. ನಮ್ಮೂರಿನ ಕೂಲಿಯ ಹೆಣ್ಣುಮಗಳು ಕೊಡಲಾರಳು, ಮತ್ತು ಅವಳ ಬಳಿ ಹೇಳುವುದಕ್ಕೆ ನನಗಿಂತ ಹೆಚ್ಚಿದೆ. ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಗೂ ಭೇದ ಮಾಡಬಾರದೆಂದು ಕಾನೂನಿದೆ. ಆದರೆ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ, ಕುಳಿತು ಮಾತಾಡಿ ಎದ್ದು ಬರುವ ಚಿಕಿತ್ಸೆಗೆ ಕೊಡುವುದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 18ನೇ ಕಲಂ ಸರ್ಕಾರದ ವೆಚ್ಚದಲ್ಲಿ ನಡೆಯುವ ಸೇವೆಯನ್ನು ಪಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 23ನೇ ಕಲಂ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರ ಜೊತೆಗೆ ಚಿಕಿತ್ಸಕ ಮನಶ್ಶಾಸ್ತ್ರಜ್ಞರ ಹುದ್ದೆಯೂ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ತಜ್ಞರು ಬರುವ ‘ಮನೋಚೈತನ್ಯ’ ಯೋಜನೆ ನಮ್ಮ ರಾಜ್ಯದ್ದೇ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆಯಿಲ್ಲದ ಆ ಮೂರು ರಾತ್ರಿಗಳಲ್ಲಿ ಒಂದು ರಾತ್ರಿ ನಾನೂ ಮಾಡಿದ್ದೆ, ಎತ್ತಿದವರು ಸಮಾಧಾನದಿಂದ ಕೇಳಿಸಿಕೊಂಡರು. ಆದರೆ ಗೋಪ್ಯತೆ ಎಂದರೆ ಕಡತಕ್ಕೆ ಬೀಗ ಹಾಕುವುದು ಎಂದಷ್ಟೇ ನಮ್ಮ ಆಸ್ಪತ್ರೆಗಳು ತಿಳಿದಂತಿದೆ. ತೆರೆದ ಬಾಗಿಲಲ್ಲಿ ನಾಲ್ಕು ಜನ ಚೀಟಿ ಹಿಡಿದು ನಿಂತಿರುವಾಗ ಕಡತಕ್ಕೆ ಸೇರುವ ಮಾತೇ ಹುಟ್ಟುವುದಿಲ್ಲ. ಮೈಸೂರು ಮತ್ತು ಮಂಡ್ಯದ ಆರೋಗ್ಯಾಧಿಕಾರಿಗಳಲ್ಲಿ ನನ್ನ ಬೇಡಿಕೆ ಹೊಸ ಕಟ್ಟಡವಲ್ಲ. ಇರುವ ಕೋಣೆಗಳಲ್ಲಿ ಒಂದಕ್ಕೆ ಬಾಗಿಲು ಮುಚ್ಚಿಸಿ, ವಾರದಲ್ಲಿ ಎರಡು ಮಧ್ಯಾಹ್ನಗಳನ್ನು ಮಾತ್ರೆಯ ಸಾಲಿಗಲ್ಲದೆ ಮಾತಿಗೇ ಮೀಸಲಿಡಲಿ. ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಬಂದವರೊಬ್ಬರನ್ನೇ ಮಾತಾಡಿಸುವ ಪದ್ಧತಿಯನ್ನು ಕಡ್ಡಾಯ ಮಾಡಲಿ. ಆಪ್ತಸಮಾಲೋಚಕರನ್ನು ನೇಮಿಸುವಾಗ ಮಂಡ್ಯದ, ಚಾಮರಾಜನಗರದ ಹಳ್ಳಿಯ ಮಾತು ಅರ್ಥವಾಗುತ್ತದೆಯೇ ಎಂದೂ ನೋಡಲಿ. ‘ಬಾಗ್ಲು ತೆಗಿ ಮಗ’ ಎಂಬುದನ್ನು ಅನುವಾದಿಸಿ ಹೇಳಬೇಕಾಗಿ ಬಂದಿದ್ದರೆ ನಾನು ಹೇಳುತ್ತಿರಲಿಲ್ಲ.

ಶಾಲೆಯ ವಿಷಯವನ್ನೂ ಬರೆಯದಿದ್ದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. ನನ್ನ ಮೇಜಿನ ಮೇಲೂ ಹುಣಸೆ ಬರಲಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬ ಸುತ್ತೋಲೆ ಬಂದಾಗ ಅದನ್ನು ಬೀರುವಿನ ಮೇಲೆ ಎತ್ತಿಟ್ಟೆ, ಇನ್ನು ಮಕ್ಕಳು ಕೆಟ್ಟುಹೋಗುತ್ತವೆ ಎಂದು ಸಿಬ್ಬಂದಿ ಕೊಠಡಿಯಲ್ಲಿ ಗೊಣಗಿದವರಲ್ಲಿ ನಾನೇ ಮೊದಲಿಗ. ಅದಕ್ಕೂ ಮೊದಲಿನ ಮಾತು: ನನ್ನ ತರಗತಿಯಲ್ಲಿ ಬೆಳಗಿನ ಮೊದಲ ಪಾಠಕ್ಕೇ ತೂಕಡಿಸುವ ಹುಡುಗನೊಬ್ಬನಿದ್ದ. ಅವನನ್ನು ಎಷ್ಟು ಸಲ ಬಿಸಿಲಿನಲ್ಲಿ ನಿಲ್ಲಿಸಿದ್ದೇನೋ. ರಾತ್ರಿ ಅವನ ಮನೆಯಲ್ಲಿ ಯಾರ ಸೈಕಲ್ಲಿನ ಸದ್ದಿಗೆ ಅವನು ಎಚ್ಚರವಿರುತ್ತಿದ್ದನೋ ನಾನು ಕೇಳಲಿಲ್ಲ. ಆ ಶಾಲೆಯಲ್ಲಿ ಅದನ್ನು ಕೇಳಬಹುದಾಗಿದ್ದವನು ಯಾರಾದರೂ ಇದ್ದರೆ ಅದು ನಾನು. ಇದನ್ನು ಮೇಡಂ ಮುಂದೆ ಹೇಳಿದ್ದು ಹನ್ನೆರಡನೆಯ ಭೇಟಿಯಲ್ಲಿ; ಬಾಗಿಲಿನ ಕಥೆಗಿಂತ ಇದನ್ನು ಹೇಳುವುದು ಕಷ್ಟವಾಯಿತು. ಅಲ್ಲಿ ನಾನು ಒಂಬತ್ತು ವರ್ಷದವನಾಗಿರಲಿಲ್ಲ.

ಮಹಡಿಯ ಹುಡುಗ ಈಗಲೂ ರಾತ್ರಿ ಹನ್ನೊಂದಕ್ಕೇ ಬರುತ್ತಾನೆ. ನನಗೆ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆದರೆ ಹೆಚ್ಚಿನ ದಿನಗಳಲ್ಲಿ ಹಾಸಿಗೆಯಲ್ಲೇ ಇರುತ್ತೇನೆ. ಇಷ್ಟಕ್ಕೆ ಒಂದೂವರೆ ವರ್ಷವೇ ಎಂದು ಯಾರಾದರೂ ಕೇಳಿದರೆ, ಹೌದು, ಇಷ್ಟಕ್ಕೇ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಪತ್ರದ ಜೊತೆ ನನ್ನ ಹೆಸರು, ವಿಳಾಸ ಕಳಿಸಿದ್ದೇನೆ. ದಯವಿಟ್ಟು ಅವನ್ನು ಪ್ರಕಟಿಸಬೇಡಿ. ನಾಚಿಕೆಯಿಂದ ಹೀಗೆ ಕೇಳುತ್ತಿಲ್ಲ. ಆ ರಾತ್ರಿ ಮನೆಯೊಳಗೆ ನನ್ನ ತಂಗಿಯೂ ಇದ್ದಳು, ಅವಳಿಗೆ ಆರು ವರ್ಷ. ಅವಳು ಮಲಗಿದ್ದಳೋ ಎಚ್ಚರವಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ, ನಾವು ಆ ಮಾತನ್ನು ಆಡಿಲ್ಲ. ಅವಳು ತಮ್ಮ ಪತ್ರಿಕೆ ಓದುವವಳು. ಇದು ಪತ್ರಿಕೆಯಿಂದ ಅವಳಿಗೆ ಗೊತ್ತಾಗಬಾರದು. ದೀಪಾವಳಿಗೆ ಅವಳು ಬರುತ್ತಾಳೆ, ನಾನೇ ಕೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ,
ಮೈಸೂರು